ಹೆರಿಗೆ ರಜೆಯ ಜಾಗಕ್ಕೆ ಬದಲಿ ಸ್ಪೀಚ್ ಥೆರಪಿಸ್ಟ್: ತುಮಕೂರು ಕಡೆಯ ಶಾಲೆಗಳಲ್ಲಿ ಎಲ್ಲಿಂದ ಶುರು ಮಾಡಬೇಕು?

ಕಲ್ಪತರು ಸೀಮೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ) ಮುಗಿದು ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿಯೂ ಆಗಿದೆ. ತುಮಕೂರಿನ ಒಂದು ಶಾಲೆಯಲ್ಲಿ ಈಗಿರುವ ಥೆರಪಿಸ್ಟ್ ಮೇಡಂ ಹೆರಿಗೆ ರಜೆಗೆ ಹೋಗುತ್ತಿದ್ದಾರೆ. ಜೂನ್‌ನಿಂದ 26 ವಾರ ಅವರ ಜಾಗ ನಾನು ನೋಡಿಕೊಳ್ಳಬೇಕು. ಶಾಲೆಯಲ್ಲಿ ವಾರಕ್ಕೆ 2 ದಿನ, ಮಕ್ಕಳು 24. ಮೂರನೇ ದಿನ ಒಂದು ವಾರ ಮಧುಗಿರಿ, ಇನ್ನೊಂದು ವಾರ ಪಾವಗಡದ ಶಾಲಾ ಸಿದ್ಧತಾ ಕೇಂದ್ರ (ವಿಶೇಷ ಅಗತ್ಯದ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವ ಕೇಂದ್ರ).

ಕೇಳಬೇಕಾದ್ದು ಇಷ್ಟು. ಎಲ್ಲರಿಗೂ ಹೊಸದಾಗಿ ಟೆಸ್ಟ್ ಮಾಡಬೇಕಾ, ಹಳೆಯ ಗುರಿಗಳನ್ನೇ ಮುಂದುವರಿಸಬೇಕಾ? 24 ಮಕ್ಕಳನ್ನು 2 ದಿನದಲ್ಲಿ ಹೇಗೆ ಹೊಂದಿಸೋದು? ಪಾವಗಡದಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು ತುಂಬ. ಅವರ ಕನ್ನಡ ಉಚ್ಚಾರಣೆ ನೋಡಿ ತೊಂದರೆ ಇದೆ ಅಂತ ಹೇಗೆ ತೀರ್ಮಾನಿಸೋದು? 5 ಮಕ್ಕಳಿಗೆ ಶ್ರವಣ ಸಾಧನ ಇದೆ. ಆಡಿಯಾಲಜಿ (ಶ್ರವಣ ಪರೀಕ್ಷೆ, ಸಾಧನದ) ಕೆಲಸ ಬಿಟ್ಟು ಸ್ವಲ್ಪ ದಿನವಾಗಿದೆ, ಅದನ್ನೂ ಹೇಳಿ.

ಸಿರಾ ಗೇಟ್

ಮೇಡಂ, ರಜೆಗೆ ಹೋಗುವವರು ಊರಲ್ಲಿ ಇರುವಾಗಲೇ ಕನಿಷ್ಠ ಅರ್ಧ ದಿನ ಅವರ ಜೊತೆ ಕೂತುಕೊಳ್ಳಿ. ಫೈಲ್ ಓದಿದರೆ ಸಿಗದ ಸಂಗತಿಗಳನ್ನು ಬಾಯಲ್ಲೇ ಕೇಳಬೇಕು. ಒಂದೊಂದು ಮಗುವಿಗೆ ಒಂದೊಂದು ಹಾಳೆ ಮಾಡಿಕೊಳ್ಳಿ: ಮನೆಭಾಷೆ, ಕಿವಿಯ ಕೊನೆಯ ಪರೀಕ್ಷೆ ಯಾವಾಗ ಆಯಿತು, ಈಗಿನ ಗುರಿ, ಯಾವ ಮಟ್ಟದ ಸಹಾಯ ಕೊಟ್ಟರೆ ಹೇಳುತ್ತದೆ, ಫಿಟ್ಸ್ ಇದೆಯೇ, ಯಾವುದಕ್ಕೆ ಹೆದರುತ್ತದೆ, ಯಾವುದು ಕೊಟ್ಟರೆ ಕೆಲಸ ಮಾಡುತ್ತದೆ, ಪೋಷಕರ ಒಪ್ಪಿಗೆ ಪತ್ರ ಫೈಲಿನಲ್ಲಿದೆಯೇ. "ಸಹಾಯದ ಮಟ್ಟ" ಅನ್ನುವುದನ್ನು ಜನ ಬರೆಯುವುದೇ ಇಲ್ಲ. "ಕ ಶೇ. 70" ಅಂತ ಮಾತ್ರ ಇದ್ದರೆ ಏನೂ ಗೊತ್ತಾಗುವುದಿಲ್ಲ. ಅದು ನಿಮ್ಮ ಬಾಯಿ ನೋಡಿ ಹೇಳಿದ್ದೋ, ಚಿತ್ರ ನೋಡಿ ತಾನೇ ಹೇಳಿದ್ದೋ? ಎರಡಕ್ಕೂ ನಡುವೆ ತಿಂಗಳುಗಟ್ಟಲೆ ಕೆಲಸ ಇರುತ್ತದೆ.

ಎಲ್ಲರಿಗೂ ಹೊಸ ಟೆಸ್ಟ್ ಬೇಡವೇ ಬೇಡ. ಪೂರ್ತಿ ಮೌಲ್ಯಮಾಪನಕ್ಕೆ ಮಗುವೊಂದಕ್ಕೆ 2-3 ಸೆಷನ್ ಹೋಗುತ್ತದೆ; 24 ಮಕ್ಕಳಿಗೆ ಮಾಡಲು ಹೊರಟರೆ ಮೊದಲ ಒಂದು ತಿಂಗಳೆಲ್ಲ ಅದಕ್ಕೇ ಹೋಗುತ್ತದೆ. ಹೊಸ ಮುಖ ಕಂಡ ಮಗು ಮೊದಲ ವಾರ ಮಾತೇ ಆಡದೆ ಇರಬಹುದು, ಆಗ ಬಂದ ಅಂಕ ಸುಳ್ಳು ಅಂಕ. ಅದರ ಬದಲು ಈಗಿನ ಗುರಿಯ ಮೇಲೆ ಮಾತ್ರ 10 ನಿಮಿಷದ ಸಣ್ಣ ಅಳತೆ ಮಾಡಿ. 20 ಚಿತ್ರ ತೋರಿಸಿ, ಮಾದರಿ ಕೊಡದೆ (ನೀವು ಮೊದಲು ಹೇಳಿ ತೋರಿಸದೆ), ಸರಿ-ತಪ್ಪು ಹೇಳದೆ ಗುರುತು ಹಾಕಿಕೊಳ್ಳಿ. ಆ 20 ಪದಗಳನ್ನು ತರಬೇತಿಗೆ ಬಳಸಬೇಡಿ, ಹಾಗೇ ಎತ್ತಿಡಿ. ಕೊನೆಗೆ ಅದೇ ಪಟ್ಟಿಯಿಂದ ಮತ್ತೆ ಅಳೆಯಬೇಕು.

ಮೊದಲ 4 ವಾರ ಗುರಿ ಬದಲಾಯಿಸಬೇಡಿ. ಗುರಿ ತಪ್ಪು ಅಂತ ನಿಮಗೆ ಅನ್ನಿಸಿದರೂ ಅಷ್ಟು ಕಾಯಿರಿ, ಕಾರಣ ಬರೆದಿಟ್ಟುಕೊಳ್ಳಿ. ಕಾಯಬಾರದ ಸಂದರ್ಭಗಳೂ ಇವೆ. ಬಿಸಿಯೂಟದ ಹೊತ್ತಿಗೆ ಕೆಮ್ಮುತ್ತಾ, ಕಣ್ಣಲ್ಲಿ ನೀರು ಹಾಕಿಕೊಂಡು ಊಟ ಮಾಡುವ ಮಗು ಇದ್ದರೆ (ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಹೆಚ್ಚು) ಅವತ್ತೇ ಮುಖ್ಯ ಶಿಕ್ಷಕರಿಗೂ ಮನೆಯವರಿಗೂ ತಿಳಿಸಿ, ನುಂಗುವಿಕೆ ಪರೀಕ್ಷೆಗೆ ಕಳಿಸಿ. ಅಲ್ಲಿಯತನಕ ಬೆನ್ನು ನೇರವಾಗಿ ಕೂರಿಸಿ, ಸಣ್ಣ ತುತ್ತು, ಒಂದು ತುತ್ತು ಇಳಿದ ಮೇಲೆ ಇನ್ನೊಂದು. ಇದ್ದ ಮಾತು ಕಳೆದುಕೊಳ್ಳುತ್ತಿರುವ ಮಗು, ಏಕಾಏಕಿ ಕೇಳಿಸದಂತಾದ ಮಗು, ವಾರಗಟ್ಟಲೆ ಗಂಟಲು ಒಡೆದಂತಿರುವ ಮಗು ಕೂಡ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ವೇಳಾಪಟ್ಟಿಯ ಲೆಕ್ಕ ಹೀಗೆ. ದಿನಕ್ಕೆ 30 ನಿಮಿಷದ 7 ಅವಧಿಗಿಂತ ಹೆಚ್ಚು ಹಾಕಬೇಡಿ. ಪ್ರಾರ್ಥನೆ, ಹಾಲು, ಊಟ, ಮಕ್ಕಳನ್ನು ಕರೆತಂದು ಬಿಡುವುದು, ಬರೆಯುವುದು, ಇದರಲ್ಲೇ ಉಳಿದ ಹೊತ್ತು ಕರಗುತ್ತದೆ. 2 ದಿನಕ್ಕೆ 14 ಅವಧಿ. ತೀವ್ರವಾಗಿ ಬೇಕಾದ 3 ಮಕ್ಕಳಿಗೆ ವಾರಕ್ಕೆ ಎರಡೆರಡು ಸಲ ಒಬ್ಬೊಬ್ಬರಿಗೇ, ಅಲ್ಲಿಗೆ 6 ಆಯಿತು. ಉಳಿದ 21 ಮಕ್ಕಳು ಮೂರು ಮೂರು ಜನದ 7 ಗುಂಪು. ಉಳಿದ 1 ಅವಧಿ ತರಗತಿಯೊಳಗೆ ಕೂತು ನೋಡುವುದಕ್ಕೆ. ಆ ಒಂದು ಅವಧಿಯನ್ನು ಯಾರು ಕೇಳಿದರೂ ಬಿಟ್ಟುಕೊಡಬೇಡಿ. ನಿಮ್ಮ ಕೋಣೆಯಲ್ಲಿ ಚೆನ್ನಾಗಿ ಹೇಳುವ ಮಗು ತರಗತಿಯಲ್ಲಿ ಹೇಗಿದೆ ಅಂತ ಗೊತ್ತಾಗುವುದು ಅಲ್ಲಿಯೇ. ಗುಂಪು ಮಾಡುವಾಗ ತರಗತಿ ನೋಡಬೇಡಿ, ಗುರಿ ನೋಡಿ. ಆದರೆ 1ನೇ ತರಗತಿಯ ಮಗುವನ್ನು 6ನೇಯವರ ಜೊತೆ ಕೂರಿಸಿದರೆ ದೊಡ್ಡವರು ಬರುವುದನ್ನೇ ಬಿಡುತ್ತಾರೆ, ಎರಡು ತರಗತಿಗಿಂತ ಹೆಚ್ಚು ಅಂತರ ಬೇಡ. ಗಣಿತದ ಪೀರಿಯಡ್‌ನಿಂದಲೂ ಆಟದ ಪೀರಿಯಡ್‌ನಿಂದಲೂ ಎಬ್ಬಿಸಬೇಡಿ.

ಆಗಸ್ಟ್ ದಾಟಿದರೆ ಪ್ರತಿಭಾ ಕಾರಂಜಿ, ಅದರ ಹಿಂದೆಯೇ ಅರ್ಧವಾರ್ಷಿಕ ಪರೀಕ್ಷೆ, ದಸರಾ ರಜೆ. 26 ವಾರದಲ್ಲಿ ನಿಮ್ಮ ಕೈಗೆ ಸಿಗುವುದು 20ರ ಆಸುಪಾಸು. ಗುರಿಗಳನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಸೆಷನ್ ಟಿಪ್ಪಣಿ ನಾಲ್ಕು ಸಾಲು ಸಾಕು, ಆದರೆ ಬೇರೆಯವರು ಓದಿ ಮಾರನೇ ದಿನವೇ ಕೆಲಸ ಮಾಡುವಂತಿರಬೇಕು. ಉದಾಹರಣೆಗೆ: "ಕ, ಪದದ ಆರಂಭ. ಬಾಯಿ ನೋಡಿ ಹೇಳಿದಾಗ 40ರಲ್ಲಿ 26. ಚಿತ್ರ ನೋಡಿ ತಾನೇ ಹೇಳಿದಾಗ 20ರಲ್ಲಿ 7. ಕಾ, ಕೋ ಸರಿ. ಕಿ, ಕೆ ಬಂದಾಗ ತ ಆಗುತ್ತದೆ. ಮುಂದೆ: ಕಾ-ಕೋ ಪದಗಳು ಮಾತ್ರ, ಮಾದರಿ ಕಡಿಮೆ ಮಾಡುತ್ತಾ." "ಮಗು ಚೆನ್ನಾಗಿ ಸಹಕರಿಸಿತು" ಅನ್ನುವ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಇನ್ನೊಂದು ಮಾತು, ಚಿತ್ರಫಲಕ ಬಳಸಿ ಮಾತಾಡುವ ಮಕ್ಕಳ ಬಗ್ಗೆ. ಫಲಕದಲ್ಲಿ ಯಾವ ಚಿತ್ರ ಎಲ್ಲಿದೆಯೋ ಅಲ್ಲೇ ಇರಲಿ. ಚಿತ್ರ ಚೆನ್ನಾಗಿಲ್ಲ, ಜೋಡಣೆ ಸರಿಯಿಲ್ಲ ಅಂತ ಬದಲಿಯವರು ಹೊಸ ಫಲಕ ಮಾಡಿಕೊಡುವುದುಂಟು. ಆ ಮಗುವಿನ ಬೆರಳಿಗೆ "ಬೇಕು" ಎಲ್ಲಿದೆ ಅನ್ನುವುದು ಅಭ್ಯಾಸವಾಗಿರುತ್ತದೆ. ಜಾಗ ಬದಲಾದರೆ ಅದು ಮೂಕವಾಗಿಬಿಡುತ್ತದೆ. ಹೊಸ ಪದ ಸೇರಿಸಬೇಕಾದರೆ ಫಲಕದ ಖಾಲಿ ಚೌಕದಲ್ಲಿ ಸೇರಿಸಿ. ಬೇಕು, ಬೇಡ, ಇನ್ನೂ, ಸಾಕು, ಕೊಡು, ಬಾ, ಎಲ್ಲಿ, ಏನು ಇವು ಇಲ್ಲದಿದ್ದರೆ ಹಣ್ಣು-ಪ್ರಾಣಿಗಳ ಹೆಸರಿಗಿಂತ ಮೊದಲು ಇವನ್ನು ಸೇರಿಸಿ. ಮತ್ತೆ ನೀವು ಆ ಮಗುವಿನ ಜೊತೆ ಮಾತಾಡುವಾಗ ನೀವೂ ಅದೇ ಫಲಕ ಮುಟ್ಟಿ ಮಾತಾಡಬೇಕು.

ಬಾಗೇಪಲ್ಲಿ ಗಡಿ

ಭಾಷೆಯ ಪ್ರಶ್ನೆಗೆ ನಾನು ಬರೆಯುತ್ತೇನೆ. ಪಾವಗಡ, ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಈ ಪಟ್ಟಿಯಲ್ಲೆಲ್ಲ ಇದೇ ಕಥೆ. ಮನೆಯಲ್ಲಿ ತೆಲುಗು ಅಥವಾ ದಖನಿ ಉರ್ದು, ಶಾಲೆಯಲ್ಲಿ ಕನ್ನಡ. ಕೆಜಿಎಫ್ ಕಡೆ ಹೋದರೆ ತಮಿಳು.

ಮೂಲ ನಿಯಮ: ನಿಜವಾದ ತೊಂದರೆ ಇದ್ದರೆ ಎರಡೂ ಭಾಷೆಯಲ್ಲಿ ಕಾಣಬೇಕು. ಕನ್ನಡದಲ್ಲಿ ಮಾತ್ರ ಕಂಡರೆ ಮಗು ಕನ್ನಡ ಕಲಿಯುತ್ತಿದೆ ಅಷ್ಟೇ, ಅದಕ್ಕೆ ಥೆರಪಿ ಬೇಡ. ಆದ್ದರಿಂದ ಕ ಪರೀಕ್ಷಿಸುವಾಗ ತೆಲುಗು ಮಗುವಿಗೆ ಕುಕ್ಕ, ಕಾಕಿ, ಕೋಡಿ, ಕಾಲು, ಅಕ್ಕ ಚಿತ್ರಗಳನ್ನೂ ತೋರಿಸಿ. "ಕುಕ್ಕ"ವನ್ನು "ತುತ್ತ" ಅಂದರೆ ಅದು ತೊಂದರೆ. ನಿಮಗೆ ತೆಲುಗು ಬರದಿದ್ದರೆ ಅಜ್ಜಿಯನ್ನೋ ಅಕ್ಕನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರನ್ನು ಕೇಳಬೇಕಾದ ಪ್ರಶ್ನೆ "ಇವನ ಮಾತು ಸರಿಯಿದೆಯಾ" ಅಂತ ಅಲ್ಲ. "ಇದೇ ವಯಸ್ಸಿನ ಪಕ್ಕದ ಮನೆ ಮಕ್ಕಳ ಥರ ಮಾತಾಡ್ತಾನಾ, ಹೊರಗಿನವರಿಗೆ ಅರ್ಥ ಆಗುತ್ತಾ, ಅವನ ಅಣ್ಣ ಈ ವಯಸ್ಸಲ್ಲಿ ಹೇಗೆ ಮಾತಾಡ್ತಿದ್ದ" ಅಂತ ಕೇಳಿ.

ತಪ್ಪು ಅಂತ ಗುರುತು ಹಾಕಬಾರದವು ಕೆಲವು:

ತೆಲುಗಿನ ಮಗು "ಅಮ್ಮ ಬಂತು", "ಟೀಚರ್ ಹೇಳ್ತು" ಅಂದರೆ ಅದು ತೆಲುಗಿನ ವ್ಯಾಕರಣ. ತೆಲುಗು ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಒಂದೇ ಕ್ರಿಯಾರೂಪ, "ವಚ್ಚಿಂದಿ". ಅದನ್ನು ಕನ್ನಡಕ್ಕೆ ತಂದಿದೆ. ಭಾಷಾ ನ್ಯೂನತೆ ಅಂತ ಬರೆದರೆ ಆ ಮಗುವಿಗೆ ಅನ್ಯಾಯ. ಚ ಅಕ್ಷರ ಕೆಲವು ಪದಗಳಲ್ಲಿ ತ್ಸ ಥರ ಕೇಳಿಸುವುದೂ ತೆಲುಗಿನಿಂದಲೇ ಬಂದದ್ದು, "ಚಾಲು" ಅನ್ನುವುದನ್ನು ಅವರು ಹೇಗೆ ಹೇಳುತ್ತಾರೆ ಕೇಳಿ ನೋಡಿ. ಉರ್ದು ಮನೆಯ ಮಕ್ಕಳು ಳ ಬದಲು ಲ, ಣ ಬದಲು ನ ಅನ್ನುತ್ತಾರೆ, ಅವರ ಮಾತಿನಲ್ಲಿ ಆ ಎರಡು ಧ್ವನಿ ಇಲ್ಲ. ತಮಿಳಿನಲ್ಲಿ ಕ-ಗ, ಪ-ಬ ಪದದ ಅರ್ಥ ಬದಲಾಯಿಸುವುದಿಲ್ಲವಾದ್ದರಿಂದ ಆ ಮಕ್ಕಳಲ್ಲಿ ಅವು ಅದಲುಬದಲಾಗುತ್ತವೆ.

ಕನ್ನಡದ ಮನೆಯ ಮಕ್ಕಳಲ್ಲೂ ಎಚ್ಚರ ಬೇಕು. ನಮ್ಮ ಕಡೆ ಹಳ್ಳಿಯಲ್ಲಿ "ಆಲು", "ಓಗು" ಅನ್ನುವುದು ಆಡುಮಾತು. ಅದೇ ಮಗು ಶಾಲೆಗೆ ಬಂದ ಮೇಲೆ ಹ ಬೇಡದ ಕಡೆಯೂ ಹಾಕಿ "ಹಾಸೆ" ಅನ್ನಬಹುದು. ಶ-ಷ-ಸ ಒಂದಾಗುವುದು, ಮಹಾಪ್ರಾಣ ಅಲ್ಪಪ್ರಾಣವಾಗುವುದು, ಫ ಹೋಗಿ ಪ ಆಗುವುದು ಇವು ಯಾವುವೂ ಉಚ್ಚಾರಣೆಯ ದೋಷ ಅಲ್ಲ. ಮೇಷ್ಟ್ರು "ಇವನಿಗೆ ಹ ಬರಲ್ಲ" ಅಂತ ಕಳಿಸಿದರೆ ಮೊದಲು ತಂದೆ-ತಾಯಿಯ ಮಾತು ಕೇಳಿ. ಅದು ಶುದ್ಧ ಬರವಣಿಗೆಯ ಪಾಠಕ್ಕೆ ಸೇರಿದ್ದು, ನಮ್ಮ ಫೈಲಿಗೆ ಅಲ್ಲ.

ಅನುಮಾನ ಉಳಿದರೆ ಕಲಿಸಿ ನೋಡುವ ಪರೀಕ್ಷೆ ಮಾಡಿ. ಮಗುವಿಗೆ ಗೊತ್ತಿಲ್ಲದ 4 ವಸ್ತುಗಳ ಹೆಸರನ್ನು 10 ನಿಮಿಷ ಆಟದಲ್ಲಿ ಕಲಿಸಿ, ಅರ್ಧ ಗಂಟೆ ಬಿಟ್ಟು ಕೇಳಿ, ಮುಂದಿನ ಭೇಟಿಯಲ್ಲಿ ಮತ್ತೆ ಕೇಳಿ. ಕನ್ನಡದ ಪರಿಚಯ ಸಾಲದ ಮಗು ಇದನ್ನು ಬೇಗ ಹಿಡಿಯುತ್ತದೆ. ಭಾಷೆಯಲ್ಲೇ ತೊಂದರೆ ಇರುವ ಮಗು ಮತ್ತೆ ಮತ್ತೆ ಹೇಳಿಕೊಟ್ಟರೂ ಕಳೆದುಕೊಳ್ಳುತ್ತದೆ.

ಮತ್ತೆ ದಯವಿಟ್ಟು ಯಾವ ತಾಯಿಗೂ "ಮನೆಯಲ್ಲಿ ತೆಲುಗು ಬಿಟ್ಟು ಕನ್ನಡ ಮಾತಾಡಿ" ಅನ್ನಬೇಡಿ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ತಾಯಿ ತನಗೆ ಅರ್ಧಂಬರ್ಧ ಬರುವ ಭಾಷೆಯಲ್ಲಿ ಮಾತಾಡಿದರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ.

ಟಮಕ ರೋಡ್

ಶ್ರವಣ ಸಾಧನದ 5 ಮಕ್ಕಳನ್ನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ನೋಡಿಬಿಡಿ. ಸಾಧನ ಸತ್ತಿದ್ದರೆ ಆ ದಿನದ ಪಾಠವೂ ಹೋಯಿತು, ಥೆರಪಿಯೂ ಹೋಯಿತು.

ಲಿಂಗ್ ಆರು ಧ್ವನಿಗಳ ಪರೀಕ್ಷೆ: ಮ್, ಊ, ಆ, ಈ, ಶ್, ಸ್. ಮೊದಲು 1 ಮೀಟರ್ ದೂರ, ಆಮೇಲೆ 3 ಮೀಟರ್. ಮಗು ನಿಮ್ಮ ಬಾಯಿ ನೋಡಬಾರದು, ಪಕ್ಕದಲ್ಲಿ ಅಥವಾ ಹಿಂದೆ ನಿಂತುಕೊಳ್ಳಿ. ಅಂಗೈ ಅಡ್ಡ ಹಿಡಿದರೆ ಸ್, ಶ್ ಮೊಂಡಾಗುತ್ತವೆ. ಸಣ್ಣ ಮಕ್ಕಳು ಕೇಳಿಸಿದಾಗ ಒಂದು ಮಣಿ ಡಬ್ಬಿಗೆ ಹಾಕಲಿ, ದೊಡ್ಡವರು ಕೇಳಿದ್ದನ್ನೇ ಹೇಳಲಿ. ದಿನವೂ ಅನುಕ್ರಮ ಬದಲಿಸಿ, ನಡುವಿನ ಮೌನವನ್ನೂ 2 ಸೆಕೆಂಡ್, 7 ಸೆಕೆಂಡ್ ಹೀಗೆ ಬದಲಿಸಿ. ಒಂದೇ ಲಯದಲ್ಲಿ ಹೇಳಿದರೆ ಮಗು ಕೇಳದೆಯೂ ಊಹಿಸಿ ಮಣಿ ಹಾಕುತ್ತದೆ. ಸ್ ಮಾತ್ರ ತಪ್ಪಿದರೆ ಎತ್ತರದ ಆವರ್ತನ ತಲುಪುತ್ತಿಲ್ಲ, ಮ್ ಮತ್ತು ಊ ತಪ್ಪಿದರೆ ಕೆಳಗಿನದು. ನಿನ್ನೆ ಆರೂ ಕೇಳಿದ ಮಗು ಇವತ್ತು ಮೂರು ಬಿಟ್ಟರೆ ಮೊದಲು ಸಾಧನ ನೋಡಿ, ಆಮೇಲೆ ಕಿವಿ.

ಸಾಧನದಲ್ಲಿ ಕೆಡುವುದು ಸಾಮಾನ್ಯವಾಗಿ ಮೂರೇ. ಬ್ಯಾಟರಿ, ಕೊಳವೆಯಲ್ಲಿ ನೀರಿನ ಹನಿ ಅಥವಾ ಗುಗ್ಗೆ, ಸಡಿಲವಾದ ಅಚ್ಚು (ಕಿವಿಯೊಳಗೆ ಕೂರುವ ಭಾಗ). ಜಿಂಕ್-ಏರ್ ಬ್ಯಾಟರಿಯ ಸ್ಟಿಕರ್ ಬಣ್ಣದಿಂದ ಗುರುತಿಸಿ: 13 ಕಿತ್ತಳೆ, 312 ಕಂದು, 675 ನೀಲಿ. ಕಿವಿಯ ಹಿಂದೆ ಕೂರುವ ಸಾಧನಗಳಿಗೆ ಹೆಚ್ಚಾಗಿ 13, ತುಂಬ ಶಕ್ತಿಯವಕ್ಕೆ 675. ಸ್ಟಿಕರ್ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಿ. ಒಮ್ಮೆ ಕಿತ್ತರೆ ಮತ್ತೆ ಅಂಟಿಸಿ ಉಳಿಸಲು ಆಗುವುದಿಲ್ಲ. ರಾತ್ರಿ ಬ್ಯಾಟರಿ ಬಾಗಿಲು ತೆರೆದು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಲು ಮನೆಯವರಿಗೆ ಹೇಳಿ. ಹಳೆ ಬ್ಯಾಟರಿ ಎಣಿಸಿ ವಾಪಸ್ ತೆಗೆದುಕೊಳ್ಳಿ. ಸಣ್ಣ ಮಕ್ಕಳು ನುಂಗಿದರೆ ಜೀವಕ್ಕೆ ಅಪಾಯ, ನೇರ ಆಸ್ಪತ್ರೆ.

ಸೀಟಿ ಹೊಡೆಯುತ್ತಿದ್ದರೆ ಶಬ್ದ ಹೊರಗೆ ಸೋರಿ ಮೈಕಿಗೆ ಮತ್ತೆ ಹೋಗುತ್ತಿದೆ ಅಂತ. ಅಚ್ಚು ಸರಿಯಾಗಿ ಕೂತಿಲ್ಲ, ಕಿವಿಯಲ್ಲಿ ಗುಗ್ಗೆ ತುಂಬಿದೆ, ಅಥವಾ ಮಗು ಬೆಳೆದು ಅಚ್ಚು ಚಿಕ್ಕದಾಗಿದೆ. ವಾಲ್ಯೂಮ್ ಇಳಿಸಿ ಸೀಟಿ ನಿಲ್ಲಿಸುವುದು ಪರಿಹಾರ ಅಲ್ಲ, ಆಗ ಮಗುವಿಗೆ ಮಾತು ಕೇಳಿಸುವುದಿಲ್ಲ. ಹೊಸ ಅಚ್ಚಿಗೆ ಕಳಿಸಿ. ತೊಳೆಯುವಾಗ ಅಚ್ಚನ್ನು ಸಾಧನದಿಂದ ಬೇರೆ ಮಾಡಿ, ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ರಬ್ಬರ್ ಬುರುಡೆಯಿಂದ ಗಾಳಿ ಊದಿ ಕೊಳವೆ ಒಣಗಿಸಿ. ಕಿವಿ ಸೋರುತ್ತಿದ್ದರೆ ಅಚ್ಚು ಹಾಕಲೇಬೇಡಿ, ಇಎನ್‌ಟಿ ನೋಡಲಿ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಯಲ್ಲಿ ಇಡುವ ಸಾಧನ) ಇರುವ ಮಗುವಾದರೆ ಪ್ರೊಸೆಸರ್ ದೀಪ, ಕೇಬಲ್, ತಲೆಯ ಕಾಯಿಲ್ ಇಷ್ಟು ನೋಡಿ. ಪ್ರೋಗ್ರಾಂ ಮುಟ್ಟುವ ಕೆಲಸ ಇಂಪ್ಲಾಂಟ್ ಕೇಂದ್ರದ್ದು.

ಮಧುಗಿರಿ ಬಿಆರ್‌ಸಿ ಕಡೆಯಿಂದ

ಮೇಡಂ, ಶಾಲಾ ಸಿದ್ಧತಾ ಕೇಂದ್ರಕ್ಕೆ ಬರುವ ಮೊದಲು ಬಿಐಇಆರ್‌ಟಿ ಶಿಕ್ಷಕರಿಗೆ (ತಾಲ್ಲೂಕಿನ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು) ಹಿಂದಿನ ದಿನವೇ ಫೋನ್ ಮಾಡಿ. ಮಕ್ಕಳು ಹಳ್ಳಿಗಳಿಂದ ತಾಯಂದಿರ ಜೊತೆ ಬಸ್ಸಿನಲ್ಲಿ ಬರುತ್ತಾರೆ. ನೀವು ಬರದ ದಿನ ಅವರು ಕೂಲಿ ಬಿಟ್ಟು ಬಂದು ವಾಪಸ್ ಹೋದರೆ ಮುಂದಿನ ಸಲ ಬರುವುದಿಲ್ಲ.

ತುಮಕೂರು ಕಂದಾಯ ಜಿಲ್ಲೆ ಒಂದೇ ಆದರೂ ಶೈಕ್ಷಣಿಕ ಜಿಲ್ಲೆ ಎರಡು. ಮಧುಗಿರಿ, ಪಾವಗಡ, ಸಿರಾ, ಕೊರಟಗೆರೆ ಮಧುಗಿರಿ ಡಿಡಿಪಿಐ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರ) ಕಚೇರಿಗೆ ಬರುತ್ತವೆ. ಭೇಟಿ ವರದಿ, ಹಾಜರಿ ದೃಢೀಕರಣ ಆಯಾ ತಾಲ್ಲೂಕಿನ ಬಿಆರ್‌ಸಿಯಲ್ಲೇ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಅವತ್ತೇ ಸಹಿ ಮಾಡಿಸಿಕೊಳ್ಳಿ, ತುಮಕೂರಿಗೆ ಹೋದ ಮೇಲೆ ಅಲೆದಾಟ ಆಗುತ್ತದೆ.

15 ದಿನಕ್ಕೊಮ್ಮೆ ಬರುವವರು ಮಗುವಿಗೆ ನೇರವಾಗಿ ಮಾಡುವ ಥೆರಪಿಯಿಂದ ಆಗುವುದು ಕಡಿಮೆ. ಅರ್ಧ ಗಂಟೆಯಲ್ಲಿ 10 ನಿಮಿಷ ನೀವು ಮಾಡಿ ತೋರಿಸಿ, 15 ನಿಮಿಷ ತಾಯಿ ನಿಮ್ಮೆದುರು ಮಾಡಲಿ, ಉಳಿದ 5 ನಿಮಿಷ ಮನೆಯಲ್ಲಿ ಯಾವಾಗ ಮಾಡುತ್ತಾರೆ ಅಂತ ಅವರ ಬಾಯಿಂದಲೇ ಹೇಳಿಸಿ. "ದಿನಾ ಅಭ್ಯಾಸ ಮಾಡಿಸಿ" ಅಂದರೆ ಆಗುವುದಿಲ್ಲ. "ಬೆಳಿಗ್ಗೆ ತಲೆ ಬಾಚುವಾಗ 5 ನಿಮಿಷ, ರಾತ್ರಿ ಊಟಕ್ಕೆ ಕೂತಾಗ 5 ನಿಮಿಷ" ಅಂದರೆ ಆಗುತ್ತದೆ. ಊಟದಲ್ಲಿ ಮುದ್ದೆ ಮುರಿದು ಎರಡು ತುತ್ತು ಕೊಟ್ಟು ಮೂರನೆಯದನ್ನು ಕೈಯಲ್ಲೇ ಹಿಡಿದು ಮಗುವಿನ ಮುಖ ನೋಡುತ್ತಾ 10 ಸೆಕೆಂಡ್ ಕಾಯಬೇಕು. ಕಣ್ಣು, ಕೈ, ಶಬ್ದ ಏನು ಬಂದರೂ "ಕೊಡು" ಅಂತ ಹೇಳಿ ಕೊಡಬೇಕು. ಆ 10 ಸೆಕೆಂಡ್ ಕಾಯುವುದು ದೊಡ್ಡವರಿಗೆ ತುಂಬ ಕಷ್ಟ, ಅದನ್ನೇ ಅಭ್ಯಾಸ ಮಾಡಿಸಿ.

ಆಟದ ಸಾಮಾನು ಹೊತ್ತು ತರಬೇಡಿ. ಚೌಕಾಬಾರದ ಮನೆ, ಹುಣಸೆ ಬೀಜ ಎಲ್ಲ ಊರಲ್ಲೂ ಇದೆ. ಎಷ್ಟು ಗರ ಬೀಳುತ್ತದೋ ಅಷ್ಟು ಸಲ ಗುರಿಯ ಪದ ಹೇಳಿ ಕಾಯಿ ನಡೆಸಬೇಕು ಅಂದರೆ ಸರದಿ ಕಾಯುವುದೂ ಬರುತ್ತದೆ, ಪುನರಾವರ್ತನೆಯೂ ಆಗುತ್ತದೆ. ಬಾಯಿಗೆ ಹಾಕಿಕೊಳ್ಳುವ ಮಕ್ಕಳಿದ್ದರೆ ಬೀಜ ಬೇಡ.

ಕಲ್ಪತರು ಸೀಮೆ

ಎಲ್ಲರಿಗೂ ಧನ್ಯವಾದ, ಪ್ರಿಂಟ್ ತೆಗೆದಿಟ್ಟುಕೊಂಡೆ. ಫೈಲ್ ನೋಡುವಾಗ ಇನ್ನೆರಡು ಸಂದೇಹ. 1ನೇ ತರಗತಿಯ ಹುಡುಗ, ಕನ್ನಡದ ಮನೆ, ಕಿವಿ ಸರಿಯಿದೆ. ಕ-ಗ ಎಲ್ಲ ತ-ದ ಆಗುತ್ತದೆ, "ಅಕ್ಕ" ಅಂದರೆ "ಅತ್ತ". ತಾಯಿ ಬಜೆ ತೇಯ್ದು ನೆಕ್ಕಿಸುತ್ತಿದ್ದಾರಂತೆ, ನಾಲಿಗೆ ಕೆಳಗಿನ ದಾರ ಕತ್ತರಿಸಬೇಕಾ ಅಂತ ಕೇಳಿದ್ದಾರೆ. ಶಾಲೆಯವರು ಬಲೂನ್, ಪೀಪಿ ಊದಿಸುವ ವ್ಯಾಯಾಮ ಮಾಡಿಸಿ ಅನ್ನುತ್ತಿದ್ದಾರೆ. ಇನ್ನೊಬ್ಬಳು 7ನೇ ತರಗತಿ, ಉಗ್ಗು, ಹಾಜರಿ ಹೇಳುವಾಗಲೇ ನಿಂತುಬಿಡುತ್ತದೆ.

ಸಿರಾ ಗೇಟ್

ಊದಿಸಬೇಡಿ. ಊದುವುದರಿಂದ ಊದುವುದು ಚೆನ್ನಾಗಿ ಬರುತ್ತದೆ, ಕ ಬರುವುದಿಲ್ಲ. ಧ್ವನಿ ಕಲಿಯಬೇಕಾದ್ದು ಆ ಧ್ವನಿ ಆಡುವುದರಿಂದಲೇ. ದಾರದ ವಿಷಯ: ನಾಲಿಗೆಯ ತುದಿ ಬಿಗಿಯಾಗಿದ್ದರೆ ತುದಿಯಿಂದ ಆಡುವ ಧ್ವನಿಗಳಿಗೆ ಕಷ್ಟವಾಗಬಹುದು. ಕ ಆಡುವುದು ನಾಲಿಗೆಯ ಹಿಂಭಾಗ, ಈ ಹುಡುಗ ತುದಿಯಿಂದ ತ ಚೆನ್ನಾಗಿ ಆಡುತ್ತಿದ್ದಾನೆ. ಕತ್ತರಿಸುವುದಕ್ಕೂ ಇವನ ತೊಂದರೆಗೂ ಸಂಬಂಧವಿಲ್ಲ ಅಂತ ತಾಯಿಗೆ ಕನ್ನಡಿ ಹಿಡಿದು ತೋರಿಸಿ ಹೇಳಿ. ಬಜೆಗೆ ಬೈಯಬೇಡಿ, ಮಗುವಿನ ಮೇಲಿನ ಕಾಳಜಿಯಿಂದ ಮಾಡುತ್ತಿದ್ದಾರೆ. ಅದರಿಂದ ಕ ಬರುವುದಿಲ್ಲ, ಆ ಹೊತ್ತನ್ನು ಅಭ್ಯಾಸಕ್ಕೆ ಕೊಡಿ ಅನ್ನಿ.

ಮೊದಲು ಅವನು ವ್ಯತ್ಯಾಸ ಕೇಳಿಸಿಕೊಳ್ಳುತ್ತಾನಾ ನೋಡಿ. ಕಾಯಿ-ತಾಯಿ, ಕಲೆ-ತಲೆ ಚಿತ್ರ ಇಟ್ಟು ನೀವು ಹೇಳಿದ್ದನ್ನು ಮುಟ್ಟಲಿ. 20ರಲ್ಲಿ 18 ಬಂದರೆ ಮುಂದೆ ಹೋಗಿ. ಧ್ವನಿ ಹೊರಡಿಸಲು ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು, ಅವನದೇ ತೊಳೆದ ಬೆರಳಿನಿಂದ ನಾಲಿಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಒತ್ತಿಕೊಂಡು "ತ" ಅನ್ನಲು ಹೇಳಿ. ತುದಿ ಮೇಲೇಳಲಾಗದೆ ಹಿಂಭಾಗ ಏಳುತ್ತದೆ, ಬರುವುದು ಕ. ಬಂದ ಕೂಡಲೇ ಬೆರಳು ತೆಗೆಯುವತ್ತ ಹೋಗಿ, ಬೆರಳೇ ಅಭ್ಯಾಸವಾಗಬಾರದು.

ಪದದ ಆಯ್ಕೆಯಲ್ಲೇ ಅರ್ಧ ಕೆಲಸ ಇದೆ. ಇಂಗ್ಲಿಷ್ ವರ್ಕ್‌ಶೀಟಿನ "ಆರಂಭ, ನಡು, ಕೊನೆ" ನಮ್ಮ ಭಾಷೆಗೆ ಹೊಂದುವುದಿಲ್ಲ, ಕನ್ನಡದ ಪದ ಸ್ವರದಲ್ಲಿ ಮುಗಿಯುತ್ತದೆ. ಕನ್ನಡದಲ್ಲಿ ಇರುವ ಅನುಕೂಲ ಒತ್ತಕ್ಷರ. "ಅಕ್ಕ" ಅನ್ನುವಾಗ ಕ್‌ನಲ್ಲಿ ಒಂದು ಕ್ಷಣ ನಿಲ್ಲುತ್ತೇವೆ, ನಾಲಿಗೆ ಸರಿಯಾದ ಜಾಗ ಹುಡುಕಿಕೊಳ್ಳಲು ಅಷ್ಟು ಹೊತ್ತು ಸಾಕು. ಆದ್ದರಿಂದ ಅಕ್ಕ, ಪಕ್ಕ, ಬೆಕ್ಕು, ಸೊಕ್ಕು ಇಂಥವುಗಳಿಂದ ಶುರು ಮಾಡಿ. ಆಮೇಲೆ ಕಾಲು, ಕಾರು, ಕಾಯಿ, ಕೋಲು. ಕಿ, ಕೆ ತಡವಾಗಿ ತನ್ನಿ, ಇ, ಎ ಸ್ವರ ನಾಲಿಗೆಯನ್ನು ಮುಂದಕ್ಕೆ ಎಳೆಯುತ್ತದೆ. ಕತ್ತೆ, ಕೋತಿ, ಕತ್ತಿ, ಕೂದಲು ಎಲ್ಲಕ್ಕಿಂತ ಕೊನೆಗೆ: ಒಂದೇ ಪದದಲ್ಲಿ ತ ಅಥವಾ ದ ಇದ್ದರೆ ಕ ಅದರ ಕಡೆಗೆ ಜಾರುತ್ತದೆ. 10 ಚಿತ್ರ, 10 ಸುತ್ತು, ಅರ್ಧ ಗಂಟೆಯಲ್ಲಿ 100 ಸಲ ಆಡಿಸಬೇಕು. ಗುಂಪಿನಲ್ಲಾದರೆ ಒಬ್ಬನಿಗೆ 50 ಆದರೂ ಬರಲಿ. ಎರಡು ಸೆಷನ್ ಸತತ ಶೇ. 80 ಬಂದರೆ ಮುಂದಿನ ಮೆಟ್ಟಿಲು, ಶೇ. 50ಕ್ಕಿಂತ ಕೆಳಗಿದ್ದರೆ ಒಂದು ಮೆಟ್ಟಿಲು ಹಿಂದೆ.

ಕಾಯಿ-ತಾಯಿ ಥರದ ಜೋಡಿಪದ ಆಡಿಸುವಾಗ ಅವನು ಕಾಯಿ ಬೇಕಾಗಿ "ತಾಯಿ" ಅಂದರೆ ತಿದ್ದಬೇಡಿ, ತಾಯಿಯ ಚಿತ್ರವನ್ನೇ ಕೊಡಿ. "ಇದಲ್ಲ!" ಅಂತ ಅವನಿಗೇ ಅನ್ನಿಸಬೇಕು. ಆ ಅನ್ನಿಸುವಿಕೆಯೇ ಜೋಡಿಪದದ ಶಕ್ತಿ. ಇದೇ ರೀತಿ ರ-ಲಕ್ಕೆ ಕಾರು-ಕಾಲು, ಳ-ಲಕ್ಕೆ ಬಳೆ-ಬಲೆ, ಹಳ್ಳಿ-ಹಲ್ಲಿ, ಟ-ತಕ್ಕೆ ಕಟ್ಟೆ-ಕತ್ತೆ, ಸ-ತಕ್ಕೆ ಸುತ್ತು-ತುತ್ತು ಒಳ್ಳೆಯ ಚಿತ್ರಗಳಾಗುತ್ತವೆ. ಳ ಮತ್ತು ಣ ಪದದ ಮೊದಲಲ್ಲಿ ಬರುವುದೇ ಇಲ್ಲ, ಅಲ್ಲಿ ಹುಡುಕಬೇಡಿ.

7ನೇ ತರಗತಿಯ ಹುಡುಗಿಗೆ ನೀವು ಹೊಸ ತಂತ್ರ ಶುರು ಮಾಡಬೇಡಿ, ರಜೆಗೆ ಹೋದ ಮೇಡಂ ಯಾವುದನ್ನು ಮಾಡಿಸುತ್ತಿದ್ದರೋ ಅದನ್ನೇ ಮುಂದುವರಿಸಿ. 6 ತಿಂಗಳಲ್ಲಿ ಎರಡು ವಿಧಾನ ಬೆರೆತರೆ ಅವಳಿಗೆ ಎರಡರ ಮೇಲೂ ನಂಬಿಕೆ ಹೋಗುತ್ತದೆ. ನೀವು ಮಾಡಬಹುದಾದ್ದು ತರಗತಿಯ ಕಡೆ. ಹಾಜರಿಗೆ ಕೈ ಎತ್ತಿದರೆ ಸಾಕು ಅಂತ ಶಿಕ್ಷಕರು ಇಡೀ ತರಗತಿಗೇ ನಿಯಮ ಮಾಡಲಿ, ಅವಳೊಬ್ಬಳಿಗೇ ಅಲ್ಲ. ಗಟ್ಟಿಯಾಗಿ ಓದುವಾಗ ಇಬ್ಬರು ಒಟ್ಟಿಗೆ ಓದಲಿ, ಜೊತೆಯಲ್ಲಿ ಓದುವಾಗ ಉಗ್ಗು ಬಹಳ ಮಟ್ಟಿಗೆ ಇಳಿಯುತ್ತದೆ. "ನಿಧಾನ ಹೇಳು", "ಉಸಿರು ತಗೊಂಡು ಹೇಳು" ಅನ್ನಬಾರದು, ಅವಳ ಮಾತನ್ನು ಯಾರೂ ಮುಗಿಸಿಕೊಡಬಾರದು. ಮೌಖಿಕ ಪರೀಕ್ಷೆಗೆ ಹೆಚ್ಚಿನ ಸಮಯ ಬೇಕೆಂದು ಅವಳ ಒಪ್ಪಿಗೆ ಕೇಳಿಯೇ ಬರೆಯಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂನಲ್ಲಿ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಎರಡನೇ-ಮೂರನೇ ಭಾಷೆಯ ವಿನಾಯಿತಿ ಇವೆಲ್ಲ ಇವೆ. ಶ್ರವಣದೋಷದ ಮಕ್ಕಳಿಗೂ ಇದನ್ನು ನೆನಪಿಡಿ. ವಿಕಲಚೇತನ ಪ್ರಮಾಣಪತ್ರ ಕೊಡುವುದು ವೈದ್ಯಕೀಯ ಪ್ರಾಧಿಕಾರ, ನಾವಲ್ಲ. ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇಲ್ಲದವರ ಪಟ್ಟಿಯನ್ನು ಜೂನ್‌ನಲ್ಲೇ ಮುಖ್ಯ ಶಿಕ್ಷಕರಿಗೆ ಕೊಟ್ಟುಬಿಡಿ.

ಟಮಕ ರೋಡ್

ಒಪ್ಪಂದದ ಬಗ್ಗೆ ಯಾರೂ ಬರೆಯಲಿಲ್ಲ. ದಿನಕ್ಕಿಷ್ಟೋ ಸೆಷನ್‌ಗಿಷ್ಟೋ, ಮಗು ಬರದ ದಿನ ಹಣ ಉಂಟೋ, ಪಾವಗಡದ ಬಸ್ ಚಾರ್ಜು ಯಾರದು, ಎಲ್ಲ ಬರಹದಲ್ಲಿರಲಿ. ಹೋಗಿ ಬರಲು 200 ಕಿ.ಮೀ. ಆಸುಪಾಸು ಆಗುತ್ತದೆ, ಇಡೀ ದಿನದ ಲೆಕ್ಕ ಹಿಡಿಯಿರಿ. ನಿಮ್ಮ ವರದಿಗೆ ನಿಮ್ಮ ಸಹಿ, ನಿಮ್ಮ ಆರ್‌ಸಿಐ ನೋಂದಣಿ ಸಂಖ್ಯೆ. ಹಿಂದಿನವರು ಮಾಡಿದ ಮೌಲ್ಯಮಾಪನಕ್ಕೆ ನೀವು ಸಹಿ ಹಾಕಬೇಡಿ, ನಿಮ್ಮದಕ್ಕೆ ಹಿಂದಿನ ತಾರೀಕು ಬೇಡ. ಕೋಣೆಯ ಬಾಗಿಲು ತೆರೆದಿರಲಿ ಅಥವಾ ಗಾಜಿರಲಿ. ಮಕ್ಕಳ ವಿಡಿಯೊ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳಬೇಡಿ, ವಾಟ್ಸ್ಯಾಪ್ ಗುಂಪಿಗಂತೂ ಹಾಕಲೇಬೇಡಿ.

ಸಿರಾ ಗೇಟ್

ಹೌದು, ಇದು ಮುಖ್ಯ. ಜೊತೆಗೆ ಬಿಟ್ಟುಕೊಡುವ ಕೆಲಸವನ್ನೂ ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಕೊನೆಯ 3 ವಾರದಲ್ಲಿ ಹೊಸ ಗುರಿ ಬೇಡ. ಮೊದಲ ವಾರದ 20 ಪದಗಳ ಪಟ್ಟಿಯನ್ನು ಅದೇ ಚಿತ್ರ, ಅದೇ ರೀತಿ ಮತ್ತೆ ಅಳೆಯಿರಿ. "ಈ ಮಗುವಿಗೆ ಇನ್ನು ಥೆರಪಿ ಬೇಡ" ಅಂತ ಅನ್ನಿಸಿದವರನ್ನು ನೀವು ಬಿಡಿಸಬೇಡಿ, ಶಿಫಾರಸು ಬರೆದಿಡಿ. ರಜೆ ಮುಗಿಸಿ ಬಂದವರು ನೋಡಿ ತೀರ್ಮಾನಿಸಲಿ. ಹಳೆಯ ಮೇಡಂ ವಾಪಸ್ ಬರುತ್ತಾರೆ ಅಂತ ಸಣ್ಣ ಮಕ್ಕಳಿಗೆ ಎರಡು ವಾರ ಮುಂಚೆಯೇ ಹೇಳಿ, ಅವರು ಒಪ್ಪಿದರೆ ಅವರ ಫೋಟೊ ತೋರಿಸಿ. ಆಟಿಸಂ ಇರುವ ಮಕ್ಕಳಿಗೆ ಇನ್ನೆಷ್ಟು ಸೆಷನ್ ಉಳಿದಿದೆ ಅಂತ ಒಂದೊಂದೇ ಕಾರ್ಡ್ ಕೀಳುವ ಪಟ್ಟಿ ಗೋಡೆಗೆ ಹಾಕಿ. ಹಾಳೆಗಳ ಒಂದು ಪ್ರತಿ ಫೈಲಿನಲ್ಲಿ, ಒಂದು ಪ್ರತಿ ಮುಖ್ಯ ಶಿಕ್ಷಕರ ಬೀರುವಿನಲ್ಲಿ. ಮಧುಗಿರಿ, ಪಾವಗಡದ ಮಕ್ಕಳದ್ದು ಆಯಾ ಬಿಐಇಆರ್‌ಟಿ ಶಿಕ್ಷಕರ ಕೈಗೇ ಕೊಡಿ.